ಚೀನಾದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಹೊರಟಿದ್ದೀರಾ? ಕರಾರಿನಿಂದ ಕ್ಯಾಂಟೀನಿನವರೆಗೆ ಒಂದು ಮಾರ್ಗದರ್ಶಿ

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಚೀನಾದಲ್ಲಿ ಇಂಗ್ಲಿಷ್ ಮೇಷ್ಟರಾಗುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕೆಲಸ ಹುಡುಕಲು ಕೂತವರ ಕಣ್ಣಿಗೆ ಬೀಳುವ ಜಾಹೀರಾತುಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಕಲಿಸುವ ಕೆಲಸದವೇ. ಭಾಷೆ ಕಲಿಸುವವರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಎಂಬುದು ಅಲ್ಲಿನ ಕೆಲಸದ ಪರವಾನಗಿಯ ನಿಯಮ. ಇಂಗ್ಲಿಷ್ ಮಟ್ಟಿಗೆ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪಾಸ್‌ಪೋರ್ಟನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಒಂದನೇ ಕ್ಲಾಸಿನಿಂದ ಕಾನ್ವೆಂಟಿನಲ್ಲೇ ಓದಿದ್ದೇನೆ, ಮನೆಯಲ್ಲೂ ಇಂಗ್ಲಿಷೇ ಮಾತಾಡುತ್ತೇವೆ ಎಂದರೆ ಅಲ್ಲಿನ ಗುಮಾಸ್ತ ಪಾಸ್‌ಪೋರ್ಟಿನ ರಟ್ಟು ನೋಡುತ್ತಾನೆ, ಅಷ್ಟೆ. ಈ ನಿಯಮವನ್ನು ಹೇಗೋ ಸುತ್ತಿ ದಾಟಿಸುತ್ತೇವೆ ಎನ್ನುವ ಏಜೆಂಟರಿದ್ದಾರೆ. ಅವರಿಂದ ದೂರವಿರಿ.

ತೆರೆದಿರುವ ದಾರಿ ವಿಷಯದ್ದು. ಕಂಪ್ಯೂಟರ್ ಸೈನ್ಸ್, ಎಂಜಿನಿಯರಿಂಗ್, ಗಣಿತ, ಮ್ಯಾನೇಜ್‌ಮೆಂಟ್ ಇವನ್ನು ಇಂಗ್ಲಿಷಿನಲ್ಲಿ ಬೋಧಿಸುವವರು ಬೇಕು. ಇಂಗ್ಲಿಷ್ ಮಾಧ್ಯಮದ ಎಂಬಿಬಿಎಸ್ ನಡೆಸುವ ವೈದ್ಯಕೀಯ ವಿಶ್ವವಿದ್ಯಾಲಯಗಳಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಕಲಿಸಲು ಭಾರತೀಯರನ್ನು ತೆಗೆದುಕೊಳ್ಳುವುದು ಹೊಸತಲ್ಲ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಲ್ಲಿ ತಂದ ನಿಯಮದ ಪ್ರಕಾರ ಹೊರದೇಶದಲ್ಲಿ ಓದುವ ವಿದ್ಯಾರ್ಥಿಯ ಕೋರ್ಸ್ ಪೂರ್ತಿ ಇಂಗ್ಲಿಷಿನಲ್ಲೇ ಇರಬೇಕು. ಭಾರತದ ವಿದ್ಯಾರ್ಥಿಗಳನ್ನು ಉಳಿಸಿಕೊಳ್ಳಬೇಕೆಂದರೆ ಆ ಕಾಲೇಜುಗಳಿಗೆ ಇಂಗ್ಲಿಷಿನಲ್ಲಿ ಪಾಠ ಮಾಡುವವರು ಬೇಕೇ ಬೇಕು. ಹಿಂದಿ ಮತ್ತು ಇತರ ಭಾರತೀಯ ಭಾಷೆಗಳ ವಿಭಾಗಗಳು ಪೀಕಿಂಗ್ ವಿಶ್ವವಿದ್ಯಾಲಯದಂಥ ಕಡೆ ದಶಕಗಳಿಂದ ಇವೆ. ಕುನ್ಮಿಂಗ್‌ನ ಯುನ್ನಾನ್ ಮಿಂಜು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಭಾರತ–ಚೀನಾ ಯೋಗ ಕಾಲೇಜು ಶುರುವಾಯಿತು. ಯೋಗದಲ್ಲಿ ಪದವಿ ಪಡೆದವರು ಆ ಕಡೆಗೂ ಒಮ್ಮೆ ನೋಡಬಹುದು.

ಸಾಮಾನ್ಯ ಅರ್ಹತೆ ಇಷ್ಟು: ಕನಿಷ್ಠ ಒಂದು ಪದವಿ, ಅದಾದ ಮೇಲೆ ಅದೇ ಕ್ಷೇತ್ರದಲ್ಲಿ ಎರಡು ವರ್ಷದ ಅನುಭವ, ವಯಸ್ಸು 60ರೊಳಗೆ, ಪೊಲೀಸ್ ದಾಖಲೆ ಶುದ್ಧ. 2017ರಿಂದ ದೇಶಕ್ಕೆಲ್ಲ ಒಂದೇ ಪದ್ಧತಿ. ವಿದೇಶಿ ಕೆಲಸಗಾರರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಮೇಷ್ಟರು ಹೆಚ್ಚಾಗಿ ಬಿ. ದೊಡ್ಡ ಸಂಶೋಧಕರು, ಭಾರಿ ಸಂಬಳದವರು ಎ. ವಯಸ್ಸಿನ ವಿಷಯದಲ್ಲಿ ಎ ಗುಂಪಿನವರಿಗೆ ಸಡಿಲಿಕೆ ಇದೆ. ವಿಶ್ವವಿದ್ಯಾಲಯದಲ್ಲಿ ಗಟ್ಟಿ ಹುದ್ದೆ ಬೇಕೆಂದರೆ ಪಿಎಚ್‌ಡಿ ಇಲ್ಲದೆ ಈಗ ಕಷ್ಟ.

ಹೆಜ್ಜೆ 1: ಎಂಥ ವಿಶ್ವವಿದ್ಯಾಲಯ, ಎಂಥ ಊರು

ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಪ್ರಾಂತ್ಯ ಸರ್ಕಾರದ ಮಾಮೂಲಿ ವಿಶ್ವವಿದ್ಯಾಲಯಗಳು. ಸಂಬಳ ಸಾಧಾರಣ, ಕೆಲಸದ ಹೊರೆಯೂ ಸಾಧಾರಣ, ಕ್ಯಾಂಪಸ್ಸಿನಲ್ಲೇ ಮನೆ. ಎರಡನೆಯದು ಬೀಜಿಂಗ್‌ನ ಚಿಂಗ್ಹುವಾ, ಶಾಂಘೈನ ಫುದಾನ್, ಹಾಂಗ್‌ಝೌನ ಝೆಜಿಯಾಂಗ್ ಮುಂತಾದ ಪ್ರತಿಷ್ಠಿತ ಸಂಸ್ಥೆಗಳು. ಇಲ್ಲಿ ಪಾಠ ಕಡಿಮೆ, ಪ್ರಬಂಧ ಪ್ರಕಟಿಸುವ ಒತ್ತಡ ಜಾಸ್ತಿ. ಮೊದಲ ಕೆಲವು ವರ್ಷಗಳಲ್ಲಿ ನಿಗದಿ ಮಾಡಿದಷ್ಟು ಸಾಧಿಸದಿದ್ದರೆ ಕರಾರು ಮುಂದುವರಿಯದು. ಮೂರನೆಯದು ಹೊರದೇಶದ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕಟ್ಟಿದವು: ನಿಂಗ್ಬೋದ ನಾಟಿಂಗ್‌ಹ್ಯಾಮ್, ಸುಝೌನ ಶಿಯಾನ್ ಜಿಯಾವೊತೊಂಗ್–ಲಿವರ್‌ಪೂಲ್, ಕುನ್ಶಾನ್‌ನ ಡ್ಯೂಕ್, ನ್ಯೂಯಾರ್ಕ್ ವಿಶ್ವವಿದ್ಯಾಲಯದ ಶಾಂಘೈ ಕ್ಯಾಂಪಸ್. ಇಲ್ಲಿ ಆಡಳಿತದ ಭಾಷೆಯೂ ಇಂಗ್ಲಿಷ್, ಸಂಬಳ ಎಷ್ಟೋ ಮೇಲು, ಸ್ಪರ್ಧೆಯೂ ಅಷ್ಟೇ. ಅರ್ಹತೆ ಇದ್ದರೆ ಮೊದಲು ಇವಕ್ಕೇ ಅರ್ಜಿ ಹಾಕಿ ಎನ್ನುವುದು ನನ್ನ ಅಭಿಪ್ರಾಯ. ಚೀನೀ ಭಾಷೆ ಒಂದಕ್ಷರ ಬಾರದೆ ಪ್ರಾಂತ್ಯದ ಸಣ್ಣ ಊರಿಗೆ ಹೋಗಿ ಇಳಿದರೆ ಮೊದಲ ಸೆಮಿಸ್ಟರ್ ಬರೀ ತಡಕಾಟದಲ್ಲೇ ಕಳೆಯುತ್ತದೆ.

ಊರು ಆರಿಸುವಾಗ ನಮ್ಮವರು ಮರೆಯುವುದು ಚಳಿಯನ್ನು. ಚೀನಾದಲ್ಲಿ ಚಿನ್ಲಿಂಗ್ ಬೆಟ್ಟಸಾಲು ಮತ್ತು ಹುವಾಯ್ ನದಿಯ ಗುಂಟ ಒಂದು ಗೆರೆ ಎಳೆದು, ಅದರ ಉತ್ತರಕ್ಕೆ ಮಾತ್ರ ಸರ್ಕಾರಿ ಕೇಂದ್ರೀಯ ತಾಪನ ವ್ಯವಸ್ಥೆ ಕೊಟ್ಟಿದ್ದಾರೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಮನೆಯೊಳಗೆ ಅಂಗಿಯಲ್ಲಿ ಕೂರಬಹುದು. ಹಾರ್ಬಿನ್‌ನಲ್ಲಿ ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಒಳಗೆ ಬೆಚ್ಚಗಿರುತ್ತದೆ. ಗೆರೆಯ ದಕ್ಷಿಣದ ವುಹಾನ್, ಚಾಂಗ್‌ಶಾ, ನಾನ್‌ಜಿಂಗ್‌ಗಳಲ್ಲಿ ಹೊರಗೆ ನಾಲ್ಕೈದು ಡಿಗ್ರಿ ಇದ್ದರೆ ಕ್ಲಾಸಿನೊಳಗೂ ಹೆಚ್ಚುಕಡಿಮೆ ಅಷ್ಟೇ. ವಿದ್ಯಾರ್ಥಿಗಳು ಕೋಟು ಹಾಕಿಕೊಂಡೇ ಕೂತಿರುತ್ತಾರೆ, ನೀವೂ ಹಾಕಿಕೊಂಡೇ ಪಾಠ ಮಾಡುತ್ತೀರಿ. ದಕ್ಷಿಣ ಎಂದರೆ ಬೆಚ್ಚಗೆ ಎಂಬ ಲೆಕ್ಕ ಅಲ್ಲಿ ತಲೆಕೆಳಗು. ಬೆಂಗಳೂರಿನ ಹವೆಗೆ ಒಗ್ಗಿದವರಿಗೆ ಹೇಳಿಮಾಡಿಸಿದ ಊರು ಕುನ್ಮಿಂಗ್. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ಅಲ್ಲಿನವರು ಅದನ್ನು ವಸಂತದ ಊರು ಎನ್ನುತ್ತಾರೆ.

ಹೆಜ್ಜೆ 2: ಕರಾರನ್ನು ಓದುವುದು

ನಿಮ್ಮ ಕೆಲಸದ ಪರವಾನಗಿ ಒಂದೇ ಸಂಸ್ಥೆಗೆ ಕಟ್ಟಿದ್ದು. ಅಲ್ಲಿ ಹೋದಮೇಲೆ ಇಷ್ಟವಾಗಲಿಲ್ಲವೆಂದು ಪಕ್ಕದ ವಿಶ್ವವಿದ್ಯಾಲಯಕ್ಕೆ ಜಿಗಿಯಲು ಆಗದು. ಹಳೆಯ ಸಂಸ್ಥೆ ಬಿಡುಗಡೆ ಪತ್ರ ಕೊಟ್ಟು, ಪರವಾನಗಿ ರದ್ದು ಮಾಡಿದ ಮೇಲೆಯೇ ಹೊಸಬರು ಅರ್ಜಿ ಹಾಕಬೇಕು. ಹಾಗಾಗಿ ಚೌಕಾಸಿ ಮಾಡುವ ಬಲ ನಿಮಗಿರುವುದು ಸಹಿ ಹಾಕುವ ಮುನ್ನ ಮಾತ್ರ. ವಿಮಾನ ಹತ್ತಿದ ಮೇಲೆ ಕೇಳುವುದೆಲ್ಲ ವಿನಂತಿ. ಕರಾರು ಎರಡು ಭಾಷೆಯಲ್ಲಿರುತ್ತದೆ. ತಕರಾರು ಬಂದರೆ ಸಾಮಾನ್ಯವಾಗಿ ಚೀನೀ ಪ್ರತಿಯೇ ಅಂತಿಮ. ಚೀನೀ ಪ್ರತಿಯನ್ನು ಬಲ್ಲವರಿಂದ ಓದಿಸಿ, ಕೊನೆಪಕ್ಷ ಯಂತ್ರಾನುವಾದದಲ್ಲಾದರೂ ನೋಡಿ.

ಇವನ್ನು ಹೆಸರಿಟ್ಟು ಕೇಳಿ:

- ಸಂಬಳ 12 ತಿಂಗಳಿಗೋ, 10 ತಿಂಗಳಿಗೋ? ಚಳಿಗಾಲದ ರಜೆ ಮತ್ತು ಬೇಸಿಗೆ ರಜೆ ಸೇರಿದರೆ ವರ್ಷಕ್ಕೆ ಮೂರು ತಿಂಗಳಾಗುತ್ತದೆ. ಆ ತಿಂಗಳುಗಳ ಸಂಬಳ ಇಲ್ಲದಿದ್ದರೆ ವರ್ಷದ ಲೆಕ್ಕವೇ ಬೇರೆ.
- ವಾರಕ್ಕೆ 16 ಗಂಟೆ ಎಂದರೆ ಯಾವ ಗಂಟೆ? ಅಲ್ಲಿ ಒಂದು ಪೀರಿಯಡ್ ಸಾಮಾನ್ಯವಾಗಿ 45 ನಿಮಿಷ, ಎರಡು ಸೇರಿ ಒಂದು ತರಗತಿ. 16 ಪೀರಿಯಡ್ ಎಂದರೆ ವಾರಕ್ಕೆ ಎಂಟು ತರಗತಿ; 16 ಗಡಿಯಾರದ ಗಂಟೆ ಎಂದರೆ ಹತ್ತಕ್ಕಿಂತ ಹೆಚ್ಚು. ಮಿತಿ ಮೀರಿದರೆ ಪೀರಿಯಡ್‌ಗೆ ಎಷ್ಟು ಎಂಬುದೂ ಬರಹದಲ್ಲಿರಲಿ.
- ಎಷ್ಟು ಬೇರೆ ಬೇರೆ ಕೋರ್ಸ್? ಒಂದೇ ಪಾಠವನ್ನು ನಾಲ್ಕು ತಂಡಗಳಿಗೆ ಹೇಳುವುದಕ್ಕೂ ನಾಲ್ಕು ವಿಷಯ ತಯಾರಿ ಮಾಡುವುದಕ್ಕೂ ಅಜಗಜಾಂತರ.
- ವಿಮಾನದ ಖರ್ಚು ಯಾವಾಗ ಕೊಡುತ್ತಾರೆ? ಬಹಳ ಕಡೆ ವರ್ಷ ಮುಗಿದ ಮೇಲೆ.
- ಎರಡು ಕ್ಯಾಂಪಸ್ ಇವೆಯೇ? ಹಳೆಯ ಕ್ಯಾಂಪಸ್ ಊರ ನಡುವೆ, ಹೊಸದು ಊರಾಚೆ ಒಂದು ಗಂಟೆ ದೂರದಲ್ಲಿರುವುದು ಮಾಮೂಲು. ಮನೆ ಒಂದರಲ್ಲಿ, ಪಾಠ ಇನ್ನೊಂದರಲ್ಲಿ ಆದರೆ ಬಸ್ಸಿನಲ್ಲೇ ದಿನ ಹೋಗುತ್ತದೆ.
- ನಡುವೆ ಬಿಟ್ಟರೆ ದಂಡ ಎಷ್ಟು, ಎಷ್ಟು ದಿನ ಮುಂಚೆ ತಿಳಿಸಬೇಕು?

ಪ್ರವಾಸಿ ವೀಸಾದಲ್ಲೋ ವ್ಯಾಪಾರದ ವೀಸಾದಲ್ಲೋ ಬನ್ನಿ, ಬಂದಮೇಲೆ ಬದಲಿಸೋಣ ಎಂದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. 2013ರಿಂದ ಜಾರಿಯಲ್ಲಿರುವ ವಲಸೆ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಕೆಲಸ ಮಾಡಿದವರಿಗೆ 5,000ದಿಂದ 20,000 ಯುವಾನ್ ದಂಡ, ಗಂಭೀರ ಪ್ರಕರಣವಾದರೆ 5ರಿಂದ 15 ದಿನ ಬಂಧನ, ಮೇಲೆ ಗಡೀಪಾರು. ಸಂಜೆ ಹೊತ್ತು ಹೊರಗಡೆ ಟ್ಯೂಷನ್ ಹೇಳುವುದಕ್ಕೂ ಇದೇ ಕಾಯ್ದೆ ಅನ್ವಯ. ಸಹೋದ್ಯೋಗಿಗಳೆಲ್ಲ ಮಾಡುತ್ತಾರೆ ಎನ್ನುವುದು ಪೊಲೀಸರ ಮುಂದೆ ನಿಲ್ಲುವ ಉತ್ತರವಲ್ಲ.

ಹೆಜ್ಜೆ 3: ದಾಖಲೆಗಳು, ಮುಖ್ಯವಾಗಿ ನಿಮ್ಮ ಹೆಸರು

ಸಮಯ ನುಂಗುವುದು ಇದೇ. ಸೆಪ್ಟೆಂಬರ್ ಸೆಮಿಸ್ಟರಿಗೆ ಹೋಗಬೇಕೆಂದರೆ ಮಾರ್ಚ್‌ನಲ್ಲೇ ಶುರುಮಾಡಿ.

ಮೊದಲು ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಹೆಸರು ಹೋಲಿಸಿ ನೋಡಿ. ನಮ್ಮ ಕಡೆಯ ಇನಿಷಿಯಲ್ ಪದ್ಧತಿ ಚೀನಾದ ಕಂಪ್ಯೂಟರಿಗೆ ಅರ್ಥವಾಗದು. ಅಂಕಪಟ್ಟಿಯಲ್ಲಿ ಮಂಜುನಾಥ ಕೆ. ಎಸ್., ಪಾಸ್‌ಪೋರ್ಟಿನಲ್ಲಿ ಕೋಲಾರ ಶ್ರೀನಿವಾಸ ಮಂಜುನಾಥ್, ಅನುಭವ ಪತ್ರದಲ್ಲಿ ಬರೀ ಕೆ. ಮಂಜುನಾಥ್ ಎಂದಿದ್ದರೆ ಅಲ್ಲಿನ ಅಧಿಕಾರಿಗೆ ಅವರು ಮೂರು ಬೇರೆ ಮನುಷ್ಯರು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿ ಇದ್ದರೆ ಇನ್ನೂ ತೊಡಕು. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ, ಮೂವರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿಯ ಮುಂದೆ ಮಾಡಿಸಿ. ಅನುಭವ ಪತ್ರವನ್ನು ಪಾಸ್‌ಪೋರ್ಟಿನ ಹೆಸರಿನಲ್ಲೇ, ಕೆಲಸ ಮಾಡಿದ ಅವಧಿ ಮತ್ತು ಹುದ್ದೆ ನಮೂದಿಸಿ ಬರೆಸಿಕೊಳ್ಳಿ. ಚೀನಾಕ್ಕೆ ಹೋದಮೇಲೆ ಬ್ಯಾಂಕು, ಸಿಮ್, ರೈಲು ಟಿಕೆಟ್, ಪಾವತಿ ಆ್ಯಪ್ ಎಲ್ಲವೂ ಪಾಸ್‌ಪೋರ್ಟಿನ ಅಕ್ಷರಗಳಿಗೇ ಜೋತುಬಿದ್ದಿರುತ್ತವೆ. ಒಂದು ಕಡೆ ಖಾಲಿ ಜಾಗ ಹೆಚ್ಚಾದರೂ ಇನ್ನೊಂದು ಕಡೆ ಹಣ ನಿಲ್ಲುತ್ತದೆ.

ಇನ್ನು ದೃಢೀಕರಣ. 2023ರ ನವೆಂಬರ್ 7ರಿಂದ ಚೀನಾ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದೆ. ದಾಖಲೆಗೆ ಅದು ಹುಟ್ಟಿದ ದೇಶವೇ ಹಾಕುವ ಒಂದು ಮುದ್ರೆಯನ್ನು ಉಳಿದ ಸದಸ್ಯ ದೇಶಗಳು ಹಾಗೆಯೇ ಒಪ್ಪುವ ಏರ್ಪಾಡು ಇದು. ಬಹಳ ದೇಶಗಳವರಿಗೆ ರಾಯಭಾರ ಕಚೇರಿ ಅಲೆಯುವುದು ತಪ್ಪಿತು. ನಮಗೆ ತಪ್ಪಲಿಲ್ಲ. ಚೀನಾದ ಸೇರ್ಪಡೆಗೆ ಭಾರತ ಆಕ್ಷೇಪ ಎತ್ತಿದ್ದರಿಂದ ಎರಡು ದೇಶಗಳ ನಡುವೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಅಮೆರಿಕದ ಮೇಷ್ಟರನ್ನೇ ನೋಡಿ ಅಭ್ಯಾಸವಾದ ಕಚೇರಿಯವರು ಅಪಾಸ್ಟಿಲ್ ಸಾಕು ಎಂದು ಇಮೇಲ್ ಬರೆಯುತ್ತಾರೆ. ನಂಬಿ ಕೂರಬೇಡಿ. ಕರ್ನಾಟಕದ ಪದವಿಯಾದರೆ ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಚೀನಾದ ರಾಯಭಾರ ಕಚೇರಿಯ ಮುದ್ರೆ, ಇದೇ ಹಳೆಯ ಮೂರು ಮೆಟ್ಟಿಲು. ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯುವ ಪೊಲೀಸ್ ಕ್ಲಿಯರೆನ್ಸ್ ಪತ್ರಕ್ಕೂ ಇವುಗಳಲ್ಲಿ ಕೊನೆಯ ಎರಡು ಮುದ್ರೆ ಬೇಕು. ಅದು ಆರು ತಿಂಗಳಿಗಿಂತ ಹಳೆಯದಾದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದ್ದರಿಂದ ಅದನ್ನು ಕೊನೆಯಲ್ಲಿ ಮಾಡಿಸಿ. ಪಿಎಚ್‌ಡಿ ಬ್ರಿಟನ್ನಿನದೋ ಜರ್ಮನಿಯದೋ ಆಗಿದ್ದರೆ ಆ ಪದವಿಗೆ ಆ ದೇಶದ ಅಪಾಸ್ಟಿಲ್ ನಡೆಯುತ್ತದೆ. ಹೆಂಡತಿ ಅಥವಾ ಗಂಡ, ಮಕ್ಕಳು ಜೊತೆಗೆ ಬರುವುದಾದರೆ ಮದುವೆಯ ಮತ್ತು ಜನನದ ಪ್ರಮಾಣಪತ್ರಗಳನ್ನೂ ಇದೇ ಸುತ್ತಿನಲ್ಲಿ ಸೇರಿಸಿಬಿಡಿ. ಅವಲಂಬಿತರ ವೀಸಾದಲ್ಲಿ ಬಂದವರು ಅಲ್ಲಿ ಕೆಲಸ ಮಾಡುವಂತಿಲ್ಲ, ಅದು ಮನೆಯಲ್ಲಿ ಮೊದಲೇ ಚರ್ಚೆಯಾಗಲಿ.

ಈ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಳಿಸಿದ ಮೇಲೆ ವಿಶ್ವವಿದ್ಯಾಲಯ ಕೆಲಸದ ಪರವಾನಗಿಯ ಸೂಚನಾ ಪತ್ರ ತರಿಸುತ್ತದೆ. ಅದನ್ನು ತೋರಿಸಿ ಝಡ್ ವೀಸಾ, ಅಂದರೆ ಕೆಲಸದ ವೀಸಾ, ಪಡೆಯಬೇಕು. ಕರ್ನಾಟಕ ಚೀನಾದ ಮುಂಬೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ. ಝಡ್ ವೀಸಾ ಒಂದೇ ಬಾರಿ ಒಳಹೋಗಲು. ವಾಸದ ಪರವಾನಗಿ ಕೈಗೆ ಬರುವ ಮೊದಲು ಹಬ್ಬಕ್ಕೆಂದು ಊರಿಗೆ ಬಂದರೆ ಎಲ್ಲ ಮೊದಲಿನಿಂದ.

ಹೆಜ್ಜೆ 4: ಹೊರಡುವ ಮುಂಚೆ ಫೋನು ಮತ್ತು ಪೆಟ್ಟಿಗೆ

ಐದು ವರ್ಷ ನಿಂತಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರಿನಲ್ಲಿ ಕೋಲ್ಕತ್ತ–ಗುವಾಂಗ್‌ಝೌ ಹಾರಾಟದಿಂದ ಮತ್ತೆ ಶುರುವಾದವು. ಬೆಂಗಳೂರಿನಿಂದ ಸಿಂಗಪುರ, ಬ್ಯಾಂಕಾಕ್, ಕ್ವಾಲಾಲಂಪುರ, ಹಾಂಗ್‌ಕಾಂಗ್ ಮೂಲಕ ಹೋಗುವುದೂ ಸಲೀಸೇ.

ಊರಿನವರ ಜೊತೆ ಮಾತಾಡುವುದು ಹೇಗೆ ಎಂಬುದು ಬೇರೆ ದೇಶದ ಮೇಷ್ಟರಿಗಿಂತ ನಮಗೆ ದೊಡ್ಡ ಸಮಸ್ಯೆ. ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್, ಫೇಸ್‌ಬುಕ್ ಚೀನಾದಲ್ಲಿ ಬಂದ್. ಚೀನಾದಲ್ಲಿ ಎಲ್ಲದಕ್ಕೂ ಬಳಸುವ ವೀಚಾಟ್ ಅನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಅಲ್ಲಿನದು ಇಲ್ಲಿಲ್ಲ, ಇಲ್ಲಿನದು ಅಲ್ಲಿಲ್ಲ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ನಡೆಯುತ್ತದೆ. ಭಾರತದ ಸಿಮ್‌ನಲ್ಲಿ ಅಂತಾರಾಷ್ಟ್ರೀಯ ರೋಮಿಂಗ್ ಡೇಟಾ ಹಾಕಿಸಿದರೆ ಅದು ಭಾರತದ ಜಾಲದ ಮೂಲಕವೇ ಹಾಯುವುದರಿಂದ ವಾಟ್ಸ್‌ಆ್ಯಪ್ ಸಿಗುತ್ತದೆ, ದುಬಾರಿ ಅಷ್ಟೆ. ಅಲ್ಲಿನ ವಿದೇಶಿಯರು ಈ ತಡೆ ದಾಟಿಸುವ ವಿಪಿಎನ್ ಬಳಸುವುದು ಸಾಮಾನ್ಯ. ಆದರೆ ಅನುಮತಿ ಇಲ್ಲದ ವಿಪಿಎನ್ ಕಾನೂನಿನ ದೃಷ್ಟಿಯಲ್ಲಿ ಸರಿಯಲ್ಲ ಎಂಬುದು ತಿಳಿದಿರಲಿ. ಪಾಠದ ಸಾಮಗ್ರಿಯನ್ನು ಗೂಗಲ್ ಡ್ರೈವ್‌ನಲ್ಲಿ ಬಿಟ್ಟು ಹೋಗಬೇಡಿ, ಹಾರ್ಡ್ ಡಿಸ್ಕಿನಲ್ಲಿ ತುಂಬಿಕೊಳ್ಳಿ. ಭಾರತದ ಬ್ಯಾಂಕಿನ ಓಟಿಪಿ ಬರಬೇಕಾದರೆ ಇಲ್ಲಿನ ಸಿಮ್ ಜೀವಂತ ಇರಬೇಕು, ಎರಡು ಸಿಮ್ಮಿನ ಫೋನು ಒಯ್ಯಿರಿ.

ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹುಳಿಪುಡಿ, ಹುಣಸೆಹಣ್ಣು, ಒಂದು ಸಣ್ಣ ಕುಕ್ಕರ್ ಇರಲಿ. ಹೆಸರುಬೇಳೆ ಒಯ್ಯುವುದು ದಂಡ, ಹೆಸರುಕಾಳು ಅಲ್ಲಿ ಮೂಲೆಮೂಲೆಯಲ್ಲೂ ಸಿಗುತ್ತದೆ. ತೊಗರಿಬೇಳೆ ಮಾಮೂಲಿ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹಸಿ ಹಣ್ಣು ತರಕಾರಿ, ಕರಿಬೇವಿನ ಸೊಪ್ಪು, ಬಿತ್ತನೆ ಬೀಜ, ಹಾಲಿನ ಪದಾರ್ಥ ಕಸ್ಟಮ್ಸ್‌ನಲ್ಲಿ ನಿಷಿದ್ಧ. ಅಮ್ಮ ಕಾಯಿಸಿದ ತುಪ್ಪದ ಡಬ್ಬಿಯ ಆಸೆ ಬಿಡಿ. ಗಸಗಸೆ ಮಾತ್ರ ಯಾವ ಕಾರಣಕ್ಕೂ ಬೇಡ: ಅಫೀಮಿನ ಗಿಡದ ಬೀಜವೆಂದು ಅಲ್ಲಿ ಅದರ ಮಾರಾಟವೇ ನಿಷಿದ್ಧ. ವಿದ್ಯುತ್ 220 ವೋಲ್ಟ್, ಹೆಚ್ಚುಕಡಿಮೆ ನಮ್ಮಷ್ಟೇ. ನಮ್ಮ ಮೂರು ಗುಂಡುಕಾಲಿನ ಪ್ಲಗ್ ಅಲ್ಲಿನ ಸಾಕೆಟ್ಟಿಗೆ ಕೂರದು, ಅಡಾಪ್ಟರ್ ಬೇಕು.

ಹೆಜ್ಜೆ 5: ಮೊದಲ ಮೂವತ್ತು ದಿನ

ಇಳಿದ 24 ಗಂಟೆಯೊಳಗೆ ವಿಳಾಸವನ್ನು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ನೋಂದಾಯಿಸಬೇಕು. ಹೋಟೆಲಿನಲ್ಲಿದ್ದರೆ ಅವರೇ ಮಾಡುತ್ತಾರೆ. ಕ್ಯಾಂಪಸ್ ಮನೆಗೆ ಬಂದಾಗ ವಿದೇಶಾಂಗ ವ್ಯವಹಾರಗಳ ಕಚೇರಿಯವರು ಕರೆದುಕೊಂಡು ಹೋಗುತ್ತಾರೆ. ಈ ಕಚೇರಿಗೆ ಅಲ್ಲಿ ವೈಬಾನ್ ಎನ್ನುತ್ತಾರೆ. ನಲ್ಲಿ ಸೋರಿದರೂ, ಸಂಬಳ ತಡವಾದರೂ, ಆಸ್ಪತ್ರೆಗೆ ಹೋಗಬೇಕಾದರೂ ನೀವು ಹೋಗುವುದು ಅಲ್ಲಿಗೇ. ಅಲ್ಲಿ ಕೂತಿರುವ ಇಪ್ಪತ್ತೈದರ ಹುಡುಗಿಗೆ ನಿರ್ಧಾರ ಮಾಡುವ ಅಧಿಕಾರ ಇರುವುದಿಲ್ಲ, ಆದರೆ ಯಾರು ನಿರ್ಧಾರ ಮಾಡುತ್ತಾರೆ ಎಂಬುದು ಆಕೆಗಷ್ಟೇ ಗೊತ್ತು. ಆಕೆಯ ಮೇಲೆ ರೇಗಿ ಏನೂ ಸಾಧಿಸಲಾಗದು.

ಆಮೇಲೆ ನಿಗದಿತ ಕೇಂದ್ರದಲ್ಲಿ ಆರೋಗ್ಯ ತಪಾಸಣೆ: ರಕ್ತ, ಎದೆಯ ಎಕ್ಸ್-ರೇ, ಇಸಿಜಿ, ಅಲ್ಟ್ರಾಸೌಂಡ್. ಖಾಲಿ ಹೊಟ್ಟೆಯಲ್ಲಿ ಹೋಗಿ. ಅದಾದ ಮೇಲೆ ಕೆಲಸದ ಪರವಾನಗಿ, ಅದರ ಬೆನ್ನಿಗೆ ವಾಸದ ಪರವಾನಗಿ. ಒಳಬಂದ 30 ದಿನದೊಳಗೆ ಇದಕ್ಕೆ ಅರ್ಜಿ ಬೀಳಲೇಬೇಕು. ಪಾಸ್‌ಪೋರ್ಟ್ ಒಂದೆರಡು ವಾರ ಪೊಲೀಸರ ಬಳಿಯೇ ಇರುತ್ತದೆ. ಆ ಅವಧಿಯಲ್ಲಿ ಬ್ಯಾಂಕ್ ಖಾತೆ ತೆರೆಯಲು, ರೈಲು ಹತ್ತಲು ತೊಡಕು. ಆದ್ದರಿಂದ ಪಾಸ್‌ಪೋರ್ಟ್ ಒಪ್ಪಿಸುವ ಮೊದಲೇ ಸಿಮ್ ಮತ್ತು ಬ್ಯಾಂಕ್ ಖಾತೆ ಮಾಡಿಸಿಕೊಳ್ಳಿ. ಅಲ್ಲಿನ ಫೋನ್ ನಂಬರ್, ಬ್ಯಾಂಕ್ ಕಾರ್ಡ್, ವೀಚಾಟ್, ಪಾವತಿ ಆ್ಯಪ್ ಅಲಿಪೇ ಈ ನಾಲ್ಕೂ ಒಂದಕ್ಕೊಂದು ಹೊಂದಿಕೊಂಡರೆ ಅರ್ಧ ಚೀನಾ ಗೆದ್ದಂತೆ. ಎಳನೀರು ಮಾರುವವರೂ ಕ್ಯುಆರ್ ಕೋಡ್ ಹಿಡಿಯುವ ನಮ್ಮ ಊರಿನಿಂದ ಹೋದವರಿಗೆ ಇದೇನೂ ಬೆರಗಾಗದು.

ಹೆಜ್ಜೆ 6: ತರಗತಿ

ಶರತ್ಕಾಲದ ಸೆಮಿಸ್ಟರ್ ಸೆಪ್ಟೆಂಬರ್ ಮೊದಲಲ್ಲಿ ಶುರುವಾಗಿ ಜನವರಿ ನಡುವೆ ಮುಗಿಯುತ್ತದೆ, ವಸಂತದ್ದು ಫೆಬ್ರವರಿ ಕೊನೆಯಿಂದ ಜುಲೈ ಮೊದಲವರೆಗೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಸೆಪ್ಟೆಂಬರಿನಲ್ಲಿ ಮಿಲಿಟರಿ ಕವಾಯತು ಮಾಡುತ್ತಾರೆ, ಅವರ ಪಾಠ ಎರಡು ಮೂರು ವಾರ ತಡ. ವೇಳಾಪಟ್ಟಿ ಸೆಮಿಸ್ಟರ್ ಶುರುವಾಗುವ ಹಿಂದಿನ ವಾರ ಬಂದರೆ ಪುಣ್ಯ. ರಜೆಯ ಲೆಕ್ಕವೂ ವಿಚಿತ್ರ: ಅಕ್ಟೋಬರ್ 1ರಿಂದ ರಾಷ್ಟ್ರೀಯ ದಿನದ ಉದ್ದನೆಯ ರಜೆ ಕೊಟ್ಟು, ಅದರ ಕೆಲವು ದಿನಗಳನ್ನು ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರ ಕೆಲಸ ಮಾಡಿಸಿ ವಸೂಲು ಮಾಡುತ್ತಾರೆ. ಆ ಭಾನುವಾರ ಮಂಗಳವಾರದ ವೇಳಾಪಟ್ಟಿ ನಡೆಯಬಹುದು. ಕ್ರೀಡಾಕೂಟಕ್ಕೆಂದು ಕ್ಲಾಸು ರದ್ದಾದದ್ದು ಖಾಲಿ ಕೊಠಡಿ ನೋಡಿದ ಮೇಲೆ ತಿಳಿಯುವುದೂ ಉಂಟು.

ಇದಕ್ಕೆಲ್ಲ ಮದ್ದು ಬಾನ್‌ಜಾಂಗ್, ಅಂದರೆ ತರಗತಿಯ ನಾಯಕ ಅಥವಾ ನಾಯಕಿ. ನಮ್ಮ ಹೈಸ್ಕೂಲಿನ ಮಾನಿಟರ್‌ಗಿಂತ ಈ ಹುದ್ದೆಗೆ ತೂಕ ಜಾಸ್ತಿ. ಇಲಾಖೆಯ ವೀಚಾಟ್ ಗುಂಪಿನಲ್ಲಿ ಚೀನೀ ಭಾಷೆಯಲ್ಲಿ ಬಂದು ಬೀಳುವ ಸೂಚನೆಗಳಲ್ಲಿ ನಿಮಗೆ ಸಂಬಂಧಿಸಿದ್ದು ಯಾವುದೆಂದು ಹೇಳುವವರು ಅವರೇ. ಮೊದಲ ದಿನವೇ ಅವರ ಸಂಪರ್ಕ ಪಡೆಯಿರಿ, ತರಗತಿಗೊಂದು ಗುಂಪು ಮಾಡಿಸಿ.

ಚೀನೀ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ ಎಂದು ಎಲ್ಲ ವಿದೇಶಿ ಮೇಷ್ಟರೂ ಗೊಣಗುತ್ತಾರೆ. ನನಗೆ ಅದು ಅಷ್ಟು ದೊಡ್ಡ ದೂರು ಅನ್ನಿಸಿಲ್ಲ, ನಮ್ಮ ಪದವಿ ಕಾಲೇಜುಗಳ ಹಿಂದಿನ ಬೆಂಚುಗಳೇನು ಮಾತಾಡುತ್ತವೆಯೇ? ಯಾರಿಗಾದರೂ ಗೊತ್ತಾ ಎಂದು ಕೇಳಿದರೆ ಮೌನ. ಮೂವರ ತಂಡಕ್ಕೆ ಐದು ನಿಮಿಷ ಕೊಟ್ಟು, ಆಮೇಲೆ ಹೆಸರು ಹಿಡಿದು ಕರೆದರೆ ತಯಾರಾದ ಉತ್ತರ ಬರುತ್ತದೆ. ಬರೆದು ಕೇಳಿ ಎಂದರೆ ರಾತ್ರಿ ಹನ್ನೊಂದರವರೆಗೆ ಪ್ರಶ್ನೆಗಳು ಬರುತ್ತಿರುತ್ತವೆ. ಅವರು ಇಂಗ್ಲಿಷ್ ಓದುವುದರಲ್ಲಿ ಗಟ್ಟಿ, ಕೇಳುವುದರಲ್ಲಿ ತುಸು ಹಿಂದೆ. ಹಾಗಾಗಿ ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿ, ಪಾರಿಭಾಷಿಕ ಪದಗಳ ಚೀನೀ ರೂಪವನ್ನು ಪಕ್ಕದಲ್ಲಿ ಹಾಕಿ. ನಮ್ಮ ವೇಗದ ಇಂಗ್ಲಿಷ್ ಅವರ ಕಿವಿಗೆ ಹೊಸತು, ಮೊದಲ ಎರಡು ವಾರ ನಿಧಾನ ಮಾಡಿ.

ಎಂಬಿಬಿಎಸ್ ತರಗತಿಯ ಕಥೆ ಬೇರೆ. ಅಲ್ಲಿ ಎದುರಿಗೆ ಕೂತವರು ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಆಫ್ರಿಕಾದ ದೇಶಗಳ ಮಕ್ಕಳು. ಕಲಬುರಗಿಯ ಹುಡುಗನೊಬ್ಬ ಸಿಕ್ಕಿ ಕನ್ನಡದಲ್ಲೇ ಅನುಮಾನ ಕೇಳಿದರೂ ಕ್ಲಾಸಿನಲ್ಲಿ ಉತ್ತರ ಇಂಗ್ಲಿಷಿನಲ್ಲೇ ಇರಲಿ. ಮೇಷ್ಟರು ತಮ್ಮ ದೇಶದವರ ಪರ ಎಂಬ ದೂರು ಬಹಳ ಬೇಗ ಕಚೇರಿ ತಲುಪುತ್ತದೆ.

ಪರೀಕ್ಷೆಯ ಕಾಗದಪತ್ರ ನೀವು ಊಹಿಸಿದ್ದಕ್ಕಿಂತ ಹೆಚ್ಚು. ಒಂದೇ ಮಟ್ಟದ ಎರಡು ಪ್ರಶ್ನೆಪತ್ರಿಕೆ, ಎ ಮತ್ತು ಬಿ, ಉತ್ತರಸೂಚಿ ಸಮೇತ ಮುಂಚೆಯೇ ಕೊಡಬೇಕು. ಒಂದು ಪರೀಕ್ಷೆಗೆ, ಇನ್ನೊಂದು ಮರುಪರೀಕ್ಷೆಗೆ. ಪಾಸಾಗಲು 60 ಅಂಕ ಬೇಕು. ಹಾಜರಿ, ಹೋಂವರ್ಕಿನ ಅಂಕ ಸೇರಿಸಿ ಒಟ್ಟು ಲೆಕ್ಕ ಹಾಕುತ್ತಾರೆ. ಯಾರನ್ನಾದರೂ ಫೇಲ್ ಮಾಡುವುದಾದರೆ ದಾಖಲೆ ಇಟ್ಟುಕೊಂಡೇ ಮಾಡಿ. ವರ್ಷದಲ್ಲಿ ಒಂದೆರಡು ಸಲ ಬಿಳಿಕೂದಲಿನ ಹಿರಿಯ ಪ್ರಾಧ್ಯಾಪಕರು ಹೇಳದೆ ಕೇಳದೆ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಅವರು ಬೋಧನೆಯ ಪರಿವೀಕ್ಷಕರು, ನಗುನಗುತ್ತಾ ಪಾಠ ಮುಂದುವರಿಸಿ.

ಮಾತಿನ ಗಡಿ ತಿಳಿದಿರಬೇಕು. ತೈವಾನ್, ಟಿಬೆಟ್, ಶಿನ್‌ಜಿಯಾಂಗ್, 1989ರ ತಿಯಾನನ್ಮೆನ್, ಪಕ್ಷದ ನಾಯಕರು, ಮತಪ್ರಚಾರ ಇವು ತರಗತಿಯಲ್ಲಿ ಬರಬಾರದು. ಬಹಳ ಕೊಠಡಿಗಳಲ್ಲಿ ಕ್ಯಾಮೆರಾ ಇರುತ್ತದೆ. ಭಾರತೀಯರಿಗೆ ಇನ್ನೊಂದು ಸೇರಿಸಬೇಕು: ನಕ್ಷೆ. ಅಕ್ಸಾಯ್ ಚಿನ್ ಮತ್ತು ಅರುಣಾಚಲ ಎರಡೂ ದೇಶಗಳ ನಕ್ಷೆಯಲ್ಲಿ ಬೇರೆ ಬೇರೆ ಥರ ಇವೆ. ಸ್ಲೈಡಿನಲ್ಲಿ ಯಾವುದನ್ನು ಹಾಕಿದರೂ ಒಂದು ಕಡೆಯ ಕಾನೂನಿಗೆ ತಪ್ಪಾಗುತ್ತದೆ. ಕರ್ನಾಟಕ ತೋರಿಸಬೇಕೆನಿಸಿದರೆ ಬರೀ ಕರ್ನಾಟಕದ ನಕ್ಷೆ ಹಾಕಿ. ಸೆಪ್ಟೆಂಬರ್ 10 ಅಲ್ಲಿನ ಶಿಕ್ಷಕರ ದಿನ, ನಮ್ಮದಕ್ಕಿಂತ ಐದು ದಿನ ತಡ. ಹೂವು ತಂದುಕೊಟ್ಟರೆ ತೆಗೆದುಕೊಳ್ಳಿ, ಬೆಲೆಬಾಳುವ ಉಡುಗೊರೆ ಬೇಡ.

ಹೆಜ್ಜೆ 7: ಮನೆ ಮತ್ತು ಊಟ

ಕ್ಯಾಂಪಸ್ಸಿನ ವಿದೇಶಿ ತಜ್ಞರ ಕಟ್ಟಡದಲ್ಲಿ ಒಂದು ಮಲಗುವ ಕೋಣೆಯ ಮನೆ ಸಾಮಾನ್ಯ. ಎಸಿ, ವಾಷಿಂಗ್ ಮೆಷಿನ್, ನೀರು ಕಾಯಿಸುವ ಕೆಟಲ್, ಹಲಗೆಯಷ್ಟು ಗಟ್ಟಿಯಾದ ಹಾಸಿಗೆ ಇರುತ್ತವೆ. ಒಲೆ ಎಂದರೆ ಹೆಚ್ಚಾಗಿ ಇಂಡಕ್ಷನ್. ನಲ್ಲಿ ನೀರನ್ನು ಕುದಿಸದೆ ಯಾರೂ ಕುಡಿಯುವುದಿಲ್ಲ. ಹೊರಗೆ ಬಾಡಿಗೆಗೆ ಹೋಗುವುದಾದರೆ ಮನೆಭತ್ಯೆ ಎಷ್ಟೆಂದು ಕರಾರಿನಲ್ಲಿರಬೇಕು. ಮನೆ ಬದಲಿಸಿದಾಗಲೆಲ್ಲ ಪೊಲೀಸ್ ನೋಂದಣಿ ಹೊಸದಾಗಿ ಆಗಬೇಕು.

ಮಾಂಸ ತಿನ್ನುವವರಿಗೆ ಕ್ಯಾಂಟೀನಿನಲ್ಲಿ ತೊಂದರೆಯೇ ಇಲ್ಲ, ಅಗ್ಗ ಕೂಡ. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಬೀನ್ಸ್ ಪಲ್ಯದಂತೆ ಕಾಣುವುದರಲ್ಲಿ ಹಂದಿಮಾಂಸದ ಚೂರು, ಸೊಪ್ಪಿನಲ್ಲಿ ಸಿಂಪಿ ಚಿಪ್ಪಿನ ಸಾಸ್, ಸೂಪಿನಲ್ಲಿ ಕೋಳಿಯ ಪುಡಿ, ಕೆಲವೊಮ್ಮೆ ಹಂದಿಯ ಕೊಬ್ಬೇ ಎಣ್ಣೆ. ಮಾಂಸ ಬೇಡ ಎಂದರೆ ಚೂರನ್ನು ಆರಿಸಿ ತೆಗೆದು ಕೊಡುವುದೂ ಉಂಟು. ವೊ ಚೀ ಸೂ, ಅಂದರೆ ನಾನು ಸಸ್ಯಾಹಾರಿ, ಎಂದರೆ ಅರ್ಥವಾಗುತ್ತದೆ. ಆದರೂ ಏನೇನು ಹಾಕಬಾರದು ಎಂಬ ಪಟ್ಟಿಯನ್ನು ಚೀನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳುವುದು ಮೇಲು. ಬೌದ್ಧ ಗುಡಿಗಳ ಬಳಿಯ ಸಸ್ಯಾಹಾರಿ ಹೋಟೆಲುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಇರುವುದಿಲ್ಲ, ಮಡಿಯವರಿಗೂ ನಡೆಯುತ್ತದೆ. ಮೊಟ್ಟೆ ತಿನ್ನುವವರಿಗೆ ಟೊಮೆಟೊ–ಮೊಟ್ಟೆಯ ಪಲ್ಯ ಎಲ್ಲ ಕ್ಯಾಂಟೀನಿನಲ್ಲೂ ಸಿಗುತ್ತದೆ, ಅನ್ನಕ್ಕೆ ಕಲಸಿಕೊಂಡರೆ ಟೊಮೆಟೊ ಗೊಜ್ಜಿನ ದೂರದ ನೆಂಟ. ಅಲ್ಲಿನ ಅಕ್ಕಿ ಅಂಟಂಟು. ಉದುರುದುರು ಅನ್ನ ಬೇಕೆಂದರೆ ಥಾಯ್ಲೆಂಡಿನ ಅಕ್ಕಿ ತನ್ನಿ. ತೊಗರಿಬೇಳೆ, ಇಂಗು, ಸಾಸಿವೆ ತಾವ್‌ಬಾವ್ ಆ್ಯಪ್‌ನಲ್ಲಿ ತರಿಸಬಹುದು. ವ್ಯಾಪಾರದ ಊರು ಯಿವು, ಗುವಾಂಗ್‌ಝೌ, ಶಾಂಘೈಗಳಲ್ಲಿ ಭಾರತೀಯರ ದಿನಸಿ ಅಂಗಡಿಗಳಿವೆ.

ಆರೋಗ್ಯ ಕೆಟ್ಟರೆ ಮೊದಲು ಕ್ಯಾಂಪಸ್ ಆಸ್ಪತ್ರೆ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಚೀನೀ ಬಲ್ಲವರೊಬ್ಬರು ಜೊತೆಗಿರಲಿ. ಅಲ್ಲಿ ಮೊದಲು ಹಣ, ಆಮೇಲೆ ಚಿಕಿತ್ಸೆ. ಆಂಬುಲೆನ್ಸ್ 120, ಪೊಲೀಸ್ 110.

ಹೆಜ್ಜೆ 8: ಹಣ

2025ರಲ್ಲಿ ಯುವಾನ್ ಒಂದಕ್ಕೆ 12 ರೂಪಾಯಿ ಆಸುಪಾಸು ಇತ್ತು. ತಿಂಗಳಿಗೆ 10,000 ಯುವಾನ್ ಸಂಬಳ, ಮನೆ ಪುಕ್ಕಟೆ ಎಂದರೆ ಸಣ್ಣ ಊರಿನಲ್ಲಿ ಒಬ್ಬರು ಆರಾಮಾಗಿ ಬದುಕಿ ಅರ್ಧ ಉಳಿಸಬಹುದು. ಶಾಂಘೈನಲ್ಲಿ ಬಾಡಿಗೆ ಕೊಟ್ಟುಕೊಂಡು ಅದೇ ಸಂಬಳವಾದರೆ ಬೇಡ. ಮಕ್ಕಳನ್ನು ಅಂತಾರಾಷ್ಟ್ರೀಯ ಶಾಲೆಗೆ ಸೇರಿಸಬೇಕೆಂದರೆ ಮಾಮೂಲಿ ಮೇಷ್ಟರ ಸಂಬಳ ಶುಲ್ಕಕ್ಕೇ ಸಾಲದು. ಸಂಸಾರಸ್ಥರು ಈ ಒಂದು ಲೆಕ್ಕವನ್ನು ಎಲ್ಲಕ್ಕಿಂತ ಮೊದಲು ಮಾಡಿ.

ವರ್ಷಕ್ಕೆ ಮೊದಲ 60,000 ಯುವಾನ್‌ಗೆ ಆದಾಯ ತೆರಿಗೆ ಇಲ್ಲ. ಅದರ ಮೇಲಿನ ಮೊದಲ 36,000ಕ್ಕೆ ಶೇ. 3, ಅಲ್ಲಿಂದ 1,44,000ದವರೆಗೆ ಶೇ. 10. ವರ್ಷಕ್ಕೆ 1,20,000 ಯುವಾನ್ ದುಡಿದರೆ, ಬೇರೆ ಯಾವ ಕಡಿತವನ್ನೂ ಲೆಕ್ಕಿಸದೆ, ತೆರಿಗೆ 3,480 ಯುವಾನ್ ಮಾತ್ರ. 2011ರಿಂದ ವಿದೇಶಿ ಕೆಲಸಗಾರರೂ ಸಾಮಾಜಿಕ ವಿಮೆಗೆ ಸೇರಬೇಕೆಂಬ ನಿಯಮ ಇದೆ. ಪಿಂಚಣಿಗೆ ನಿಮ್ಮ ಪಾಲು ಶೇ. 8. ದೇಶ ಬಿಡುವಾಗ ಆ ವೈಯಕ್ತಿಕ ಖಾತೆಯ ಹಣವನ್ನು ವಾಪಸು ಕೇಳಬಹುದು. ಭಾರತ–ಚೀನಾ ನಡುವೆ ಎರಡೆರಡು ತೆರಿಗೆ ತಪ್ಪಿಸುವ ಒಪ್ಪಂದ 1994ರಿಂದ ಇದೆ. ತೆರಿಗೆ ಕಟ್ಟಿದ ರಸೀದಿಗಳನ್ನು ಇಲ್ಲಿನ ಲೆಕ್ಕಪರಿಶೋಧಕರಿಗೂ ತೋರಿಸಿ.

ಊರಿಗೆ ಹಣ ಕಳಿಸುವುದು ಯುಪಿಐ ಅಭ್ಯಾಸದವರಿಗೆ ಶಿಕ್ಷೆ. ದಾಖಲೆ ಇಲ್ಲದೆ ವಿದೇಶಿಯರು ದಿನಕ್ಕೆ 500 ಡಾಲರಿನಷ್ಟನ್ನು ಮಾತ್ರ ಬದಲಿಸಬಹುದು. ಪಾಸ್‌ಪೋರ್ಟ್, ಕರಾರು, ತೆರಿಗೆ ಕಟ್ಟಿದ ಪ್ರಮಾಣಪತ್ರ ತೋರಿಸಿದರೆ ತೆರಿಗೆ ಕಳೆದ ಸಂಬಳವನ್ನು ಕಳಿಸಬಹುದು. ಬ್ಯಾಂಕ್ ಆಫ್ ಚೀನಾದ ದೊಡ್ಡ ಶಾಖೆಗೇ ಹೋಗಿ, ಸಣ್ಣ ಶಾಖೆಯವರು ಪುಸ್ತಕ ತಿರುವುತ್ತಾ ಕೂರುತ್ತಾರೆ. ಪ್ರತಿ ತಿಂಗಳು ಬೇಡ, ಸೆಮಿಸ್ಟರಿಗೊಮ್ಮೆ ಸಾಕು. ಅನಿವಾಸಿ ಭಾರತೀಯರಿಗಿರುವ ಎನ್‌ಆರ್‌ಇ ಖಾತೆಯೊಂದನ್ನು ಇಲ್ಲಿನ ಬ್ಯಾಂಕಿನಲ್ಲಿ ತೆರೆದುಕೊಳ್ಳಿ.

ಹೆಜ್ಜೆ 9: ಬಿಟ್ಟು ಬರುವಾಗ

ಕರಾರು ಮುಗಿಯುವ ಎರಡು ತಿಂಗಳು ಮೊದಲೇ ಮುಂದುವರಿಯುವುದಿಲ್ಲ ಎಂದು ಬರಹದಲ್ಲಿ ತಿಳಿಸಿ. ಕೆಲಸ ಬಿಟ್ಟ ಪ್ರಮಾಣಪತ್ರ, ಕೆಲಸದ ಪರವಾನಗಿ ರದ್ದಾದ ಪತ್ರ, ಮೊಹರು ಬಿದ್ದ ಅನುಭವ ಪತ್ರ, ವರ್ಷವಾರು ತೆರಿಗೆ ದಾಖಲೆ ಇವು ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ. ಮೊಹರು ಕೆಂಪು ಬಣ್ಣದ್ದು, ದುಂಡಗಿನದು. ಬರೀ ಸಹಿ ಇರುವ ಪತ್ರಕ್ಕೆ ಅಲ್ಲಿ ಬೆಲೆ ಇಲ್ಲ. ಚೀನಾದಲ್ಲಿದ್ದ ಅವಧಿಗೆ ಅಪರಾಧ ದಾಖಲೆ ಇಲ್ಲವೆಂಬ ಪತ್ರವನ್ನು ಅಲ್ಲಿದ್ದಾಗಲೇ ನೋಟರಿ ಮಾಡಿಸಿ ತನ್ನಿ. ಮುಂದೆ ಕೆನಡಾಕ್ಕೋ ಆಸ್ಟ್ರೇಲಿಯಾಕ್ಕೋ ಹೋಗುವಾಗ ಕೇಳಿಯೇ ಕೇಳುತ್ತಾರೆ, ದಾವಣಗೆರೆಯಲ್ಲಿ ಕೂತು ಅದನ್ನು ತರಿಸುವುದು ಯಾತನೆ.

ಪಿಂಚಣಿ ಖಾತೆಯ ಹಣ, ಕೊನೆಯ ತಿಂಗಳ ಸಂಬಳ, ವಿಮಾನ ಭತ್ಯೆ ಮೂರೂ ಬರುವುದು ನೀವು ಹೊರಟ ಮೇಲೆಯೇ ಇರಬಹುದು. ಅದಕ್ಕಾಗಿ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ. ಆ ಖಾತೆಗೆ ಕಟ್ಟಿದ ಚೀನಾದ ಸಿಮ್ ಅನ್ನು ಅಗ್ಗದ ಪ್ಲಾನಿಗೆ ಬದಲಿಸಿ, ರೋಮಿಂಗ್ ಹಾಕಿಸಿ ಊರಿಗೆ ತನ್ನಿ. ಹಣವೆಲ್ಲ ಬಂದು, ಭಾರತಕ್ಕೆ ದಾಟಿದ್ದು ಖಾತ್ರಿಯಾದ ಮೇಲೆ ಅದನ್ನು ನಿಲ್ಲಿಸಿದರಾಯಿತು.